ಹದಿನೈದು ದಿನ ಗದ್ದಲ ಬ್ಯಾಡ

ಏಪ್ರಿಲ್ 8ರಂದು ನಾನು ನನ್ನ ಮಗಳ ಜೊತೆ ಇಡೀ ದಿನದಲ್ಲಿ ಎಷ್ಟು ಸಲ ಮಾತಾಡುತ್ತೇನೆ ಎಂದು ಎಣಿಸಿದೆ. ಅವಳು ಎದ್ದಾಗಿನಿಂದ ಮಲಗುವವರೆಗೆ, ಬಾಯಿ ತೆರೆದಾಗೆಲ್ಲ ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಒಂದು ಗೀಟು ಎಳೆದು, ಆಡಿದ್ದನ್ನು ಪಕ್ಕದಲ್ಲೇ ಬರೆದೆ. ಕೂಡಿಸಿದಾಗ ಮೂವತ್ತೊಂದು ಆಯಿತು. ಅದರಲ್ಲಿ ಹದಿನಾಲ್ಕು ಸಲ ‘ಶ್’ ಅಂದಿದ್ದೆ. ಆರು ಸಲ ‘ಬ್ಯಾಡ’. ಐದು ಸಲ ‘ಉಣ್ಣು’, ನಾಲ್ಕು ಸಲ ‘ಬಾ’, ಮಲಗಲು ಹೇಳುವಾಗ ಎರಡು ಸಲ ‘ಮಕ್ಕೋ’. ಎಲ್ಲವೂ ಪಿಸುದನಿಯಲ್ಲಿ.

ಅವಳಿಗೆ ಆಗ ಎರಡು ವರ್ಷ ಮೂರು ತಿಂಗಳು. ಅವಳ ಮಾತಿನ ಪಟ್ಟಿಯೂ ಅದೇ ಪುಟದಲ್ಲಿದೆ: ಅವ್ವ, ಬಾ, ಇಲ್ಲ, ಹಾಲಿಗೆ ‘ಹಾ’, ಟಾಟಾ. ಐದು. ಸನ್ನೆಗಳನ್ನು ಬೇರೆಯಾಗಿ ಎಣಿಸಿದ್ದೆ, ಅವು ಹದಿನೇಳು. ನೀರು ಬೇಕಾದರೆ ಹೆಬ್ಬೆರಳನ್ನು ತುಟಿಗೆ ತರುತ್ತಿದ್ದಳು. ನಿದ್ದೆ ಬಂದರೆ ಕೆನ್ನೆಗೆ ಅಂಗೈ. ಅಜ್ಜ ಎದ್ದಿದ್ದಾನೆ ಎಂದು ಹೇಳಲು ತನ್ನ ಎರಡೂ ಕಣ್ಣುಗಳನ್ನು ಬೆರಳಿನಿಂದ ಅಗಲಿಸಿ ತೋರಿಸುತ್ತಿದ್ದಳು. ಇವನ್ನು ನಾವ್ಯಾರೂ ಕಲಿಸಿದ್ದಲ್ಲ. ನಾವು ನಮ್ಮೊಳಗೆ ಮಾಡುತ್ತಿದ್ದುದನ್ನು ನೋಡಿ ಕಲಿತಿದ್ದಳು.

ನಮ್ಮದು ಗೋಪನಕೊಪ್ಪದಲ್ಲಿ ಮೊದಲ ಮಹಡಿಯ ಮನೆ. ಮೂರು ಖೋಲಿ, ಒಂದರ ಹಿಂದೊಂದು. ಮೊದಲನೆಯದು ಪಡಸಾಲೆ. ಮಾವನವರ ಮಂಚ ಅಲ್ಲಿತ್ತು. ಬಚ್ಚಲಿಗೆ ಹೋಗಲಿ, ಹೊರಗೆ ಹೋಗಲಿ, ಆ ಮಂಚವನ್ನು ದಾಟಿಯೇ ಹೋಗಬೇಕು. ಹಿಂದಿನ ವರ್ಷದ ಫೆಬ್ರುವರಿಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಮಗಳಿಗೆ ಆಗ ಒಂದು ವರ್ಷ ಒಂದು ತಿಂಗಳು. ‘ಅವ್ವ’ ಅನ್ನುತ್ತಿದ್ದಳು, ಬೆಳಿಗ್ಗೆ ಎದ್ದು ತನಗೆ ತಾನೇ ‘ತಾತಾತಾ, ಬೂಬೂ’ ಎಂದು ಗೋಡೆಯ ಜೊತೆ ಜಗಳವಾಡುತ್ತಿದ್ದಳು.

ಮಾವನವರು ಮೂವತ್ತು ವರ್ಷಕ್ಕೂ ಹೆಚ್ಚು ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿ, ದಲಾಲರ ಹತ್ತಿರ, ಇದ್ದವರು. ಹತ್ತಿ, ಮೆಣಸಿನಕಾಯಿಯ ಲಿಲಾವು, ಅಂದರೆ ಹರಾಜು, ಕೂಗುವುದು ಅವರ ಕೆಲಸ. ಅವರ ದನಿ ಮೂರನೆಯ ಸಾಲಿನ ಅಂಗಡಿಗೂ ಕೇಳುತ್ತಿತ್ತಂತೆ. ಮನೆಯಲ್ಲೂ ಅದೇ ದನಿ. ಚಹಾ ಆರಿದೆ ಎಂಬುದು ಇಡೀ ಓಣಿಗೆ ಗೊತ್ತಾಗುತ್ತಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿದ್ದರೂ ಅವರ ಎದುರು ನಿಂತು ಮಾತಾಡಿದ್ದಿಲ್ಲ. ಮಾವನ ಮುಂದೆ ಸೊಸೆ ಬಾಯಿ ತೆರೆಯುವುದು ನಮ್ಮಲ್ಲಿ ರೂಢಿಯಲ್ಲ. ಊಟಕ್ಕೆ ಕರೆಯಬೇಕಾದರೂ ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದೆ, ಇಲ್ಲವೇ ಅತ್ತೆಗೆ ಸನ್ನೆ ಮಾಡುತ್ತಿದ್ದೆ.

ಆಸ್ಪತ್ರೆಯಿಂದ ಬಿಟ್ಟ ದಿನ ಡಾಕ್ಟರು ಗದ್ದಲ ಮಾಡಬೇಡಿ, ಅವರಿಗೆ ವಿಶ್ರಾಂತಿ ಬೇಕು ಎಂದಿದ್ದರು. ಮನೆಗೆ ಬಂದ ಮೇಲೆ ಅದು ಖರೇ ಅನಿಸಿತು. ಪಾತ್ರೆ ಬಿದ್ದರೆ, ಕೂಸು ಅತ್ತರೆ ಅವರು ಎಡಗೈಯಿಂದ ಮಂಚದ ಹಲಗೆಗೆ ಹೊಡೆಯುತ್ತಿದ್ದರು. ಟಿವಿ ಬಂದ್ ಆಯಿತು. ನನ್ನ ಗಂಡ ಫೋನ್ ಬಂದರೆ ಮೆಟ್ಟಿಲಿಗೆ ಹೋಗಿ ಮಾತಾಡತೊಡಗಿದರು. ಅವರು ಬೆಳಿಗ್ಗೆ ಎಂಟಕ್ಕೆ ಅದೇ ಅಮರಗೋಳದ ಅಂಗಡಿಗೆ ಹೋದರೆ, ಮಗಳು ಮಲಗಿದ ಮೇಲೆ ಬರುತ್ತಿದ್ದರು. ಉಳಿದವರು ನಾನು, ಅತ್ತೆ, ಮಗಳು. ಅತ್ತೆ ಮತ್ತು ನಾನು ಸನ್ನೆಯಲ್ಲೇ ಸಂಸಾರ ನಡೆಸಲು ಕಲಿತೆವು. ಎರಡು ಬೆರಳು ತೋರಿಸಿದರೆ ಎರಡು ರೊಟ್ಟಿ. ತಲೆ ಮೇಲೆ ಕೈ ಇಟ್ಟರೆ ನೀರಿನ ಟಾಕಿ ತುಂಬಿದೆ.

ಕೆಳಗಿನ ಮನೆಯ ಆಪಾ ಒಬ್ಬರೇ ನಮ್ಮ ಈ ಮೌನದ ಬಗ್ಗೆ ಬಾಯಿಬಿಟ್ಟು ಹೇಳಿದವರು. ಅವರ ಗಂಡನದು ಬೈಕ್ ರಿಪೇರಿ ಅಂಗಡಿ. ಅವರ ಮಗಳು ನನ್ನ ಮಗಳಿಗಿಂತ ಒಂದು ತಿಂಗಳು ಚಿಕ್ಕವಳು. ಎರಡು ಭಾಷೆಗಳಲ್ಲಿ ಬೈಯುತ್ತಿದ್ದಳು.

“ಅಕ್ಕಾ, ನಮ್ಮ ಮ್ಯಾಲೆ ಮಂದಿ ಅದಾರೋ ಇಲ್ಲೋ ಅನ್ನೂದ ನನಗ ನಳಾ ಬಂದ ದಿನಾನ ಗೊತ್ತಾಗೂದು ನೋಡ್ರಿ,” ಎಂದರು ಒಮ್ಮೆ, ನಾನು ನೀರಿನ ಮೋಟಾರು ಹಚ್ಚಲು ಇಳಿದಾಗ.

“ಮಾವಾರಿಗೆ ತ್ರಾಸ ಆಗತೈತ್ರಿ ಆಪಾ.”

“ಅದ ಹೌದು. ಆದ್ರ ಈ ಚಿಮಣಿ ಎಂದ ಚಿಂವ್ ಅನ್ನೂದು?” ಅವರು ನನ್ನ ಮಗಳ ಗದ್ದ ಹಿಡಿದರು. ಚಿಮಣಿ ಅಂದರೆ ಗುಬ್ಬಿ, ಅವಳಿಗೆ ಅವರಿಟ್ಟ ಹೆಸರು. ಅವಳು ಆಪಾನ ತುಟಿಯ ಮೇಲೆ ಬೆರಳಿಟ್ಟಳು. ಆಪಾ ನಕ್ಕರು. “ಅಯ್ಯ, ನನಗ ಸುಮ್ನಿರು ಅಂತೈತಿ ಇದು!”

ಮೇಲೆ ಬಂದು ನಾನು ಆ ದಿನವೇ ಪಟ್ಟಿ ಶುರು ಮಾಡಿದೆ. ನನ್ನ ನೋಟ್‌ಬುಕ್ಕು ಮಾವನವರ ಔಷಧಿಗಾಗಿ ಇಟ್ಟದ್ದು: ಗುಳಿಗೆ ಕೊಟ್ಟ ಹೊತ್ತು, ಬಿಪಿ, ಎಷ್ಟು ಸಲ ಮಗ್ಗುಲು ಬದಲಿಸಿದೆವು ಎಂಬುದು. ಅದನ್ನು ಹಿಂದುಮುಂದು ಮಾಡಿ ಕೊನೆಯ ಪುಟದಿಂದ ಮಗಳದ್ದನ್ನು ಬರೆಯತೊಡಗಿದೆ. ಮೊದಲ ಎರಡು ವಾರ ನಾನು ಮಾಡಿದ ಕೆಲಸ ಈಗ ಓದಿದರೆ ಬೇಸರವಾಗುತ್ತದೆ. ಸಂಜೆ ಅವಳನ್ನು ಅಡಿಗೆಮನೆಯಲ್ಲಿ ಕೂಡಿಸಿಕೊಂಡು ಲೋಟ, ಚಮಚ, ಬಟಾಟೆ ಒಂದೊಂದನ್ನೇ ಎತ್ತಿ ಹಿಡಿದು ‘ಇದೇನ? ಇದೇನ?’ ಎಂದು ಪಿಸುಗುಡುತ್ತಿದ್ದೆ. ಉತ್ತರ ಬಂದರೆ ಸರಿ ಗುರುತು, ಬಾರದಿದ್ದರೆ ಸೊನ್ನೆ. ಎರಡು ಪುಟ ಸೊನ್ನೆಗಳಿವೆ. ಹತ್ತನೆಯ ದಿನ ಅವಳು ಲೋಟ ಕಂಡ ಕೂಡಲೇ ಎದ್ದು ಹೋದಳು.

ಏಪ್ರಿಲ್ ಮೊದಲ ವಾರ ಅವಳನ್ನು ದೇಶಪಾಂಡೆ ನಗರದ ಒಬ್ಬ ಮಕ್ಕಳ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅತ್ತೆಯೂ ಬಂದರು; ಮಾವನವರ ಹತ್ತಿರ ಅಂದು ಗಂಡ ಉಳಿದರು. ಕಿವಿ ಪರೀಕ್ಷೆ ಆಯಿತು. ಕಿವಿ ಚೆನ್ನಾಗಿತ್ತು. ಡಾಕ್ಟರು ನಮ್ಮನ್ನು ಒಳಗಿನ ಖೋಲಿಯಲ್ಲಿದ್ದ, ಮಾತು ತಡವಾದ ಮಕ್ಕಳನ್ನು ನೋಡುವ ಮೇಡಂ ಬಳಿ ಕಳಿಸಿದರು. ವಯಸ್ಸು ನನ್ನದೇ ಇರಬಹುದು. ನೆಲದ ಮೇಲೆ ಕೂತಿದ್ದರು.

“ಮನ್ಯಾಗ ಕೂಸಿನ ಕೂಡ ಭಾಳ ಮಾತಾಡೋರು ಯಾರ್ರಿ?”

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆಯ ಮೇಲಿನ ಆನೆಯ ಚಿತ್ರ ನೋಡಿದರು.

“ಮನ್ಯಾಗ ಪೇಶಂಟ್ ಅದಾರ್ರಿ,” ಎಂದರು ಅತ್ತೆ. “ಗದ್ದಲ ಮಾಡಂಗಿಲ್ಲ.”

“ಕೂಸಿನ ಕೂಡ ಮಾತಾಡೂದು ಗದ್ದಲ ಅಲ್ಲಲ್ರಿ ಅಮ್ಮಾರ.”

ನಾನು ನೋಟ್‌ಬುಕ್ಕು ತೆರೆದು ತೋರಿಸಿದೆ. ಅವರು ಸೊನ್ನೆಗಳ ಪುಟವನ್ನು ಬಹಳ ಹೊತ್ತು ನೋಡಿದರು. ನನ್ನನ್ನು ಹೊಗಳುತ್ತಾರೆ ಎಂದುಕೊಂಡಿದ್ದೆ.

“ಪರೀಕ್ಷಾ ತಗೋಬ್ಯಾಡ್ರಿ. ನೀವು ಕೆಲಸಾ ಮಾಡಕೋತ ಅಕಿಗೆ ಹೇಳಕೋತ ಹೋಗ್ರಿ. ಈಗ ಉಳ್ಳಾಗಡ್ಡಿ ಸುಲಿಯಾಕತ್ತೇನಿ, ಸಿಪ್ಪಿ ತಗದ್ನಿ, ನೋಡು ಕಣ್ಣಾಗ ನೀರು ಬಂತು, ಹಂಗ. ಅಕಿ ಏನ ನೋಡಾಕತ್ತಾಳೋ ಅದರ ಬಗ್ಗೆ ಮಾತಾಡ್ರಿ. ಆಮ್ಯಾಲ ಸುಮ್ನ ಕಾಯ್ರಿ. ಮನಸಿನ್ಯಾಗ ಹತ್ತು ಎಣಸ್ರಿ. ಅಕಿ ‘ಹಾ’ ಅಂದ್ರ, ‘ಹಾಲು ಬೇಕಾ, ಬಿಸಿ ಹಾಲು’ ಅನ್ರಿ. ತಪ್ಪು ಅನಬ್ಯಾಡ್ರಿ. ಸನ್ನಿ ಮಾಡಿದ್ರ ಬೈಬ್ಯಾಡ್ರಿ, ಆ ಸನ್ನಿಗೆ ನೀವ ಶಬ್ದಾ ಕೊಡ್ರಿ.”

“ನಾ ಮಾತಾಡಲಾರದ್ದಕ್ಕ ಹಿಂಗಾತೇನ್ರಿ?” ಎಂದು ಕೇಳಿದೆ.

“ಅದನ್ನ ನಾ ಹೇಳಾಕ ಬರೂದಿಲ್ರಿ. ಕೆಲವು ಮಕ್ಕಳು ಹೆಂಗಿದ್ರೂ ತಡಾನ. ಆದ್ರ ಮಾತಾಡಿದ್ರ ಲುಕ್ಸಾನಂತೂ ಇಲ್ಲ. ಮೊದಲ ಒಂದು ದಿವಸ ನೀವು ಆಡಿದ ಮಾತು ಎಣಸ್ರಿ. ಅಕೀದಲ್ಲ, ನಿಮ್ದು.”

ಮೂವತ್ತೊಂದು ಎಂಬ ಲೆಕ್ಕ ಹಾಗೆ ಬಂದದ್ದು.

ಮರುದಿನ ನಾನು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದೆ. ಈ ಮೌನಕ್ಕೆ ಎಂದು ರಜೆ ಸಿಗಬಹುದು ಎಂದು ಹುಡುಕುತ್ತಿದ್ದೆ. ಮೊದಲ ಪುಟ, ಫೆಬ್ರುವರಿ 19. ಆಸ್ಪತ್ರೆಯಿಂದ ಬಂದ ಸಂಜೆ ಗಂಡ ಹೇಳಿದ್ದನ್ನೆಲ್ಲ ನಾನೇ ಕೂತು ಬರೆದುಕೊಂಡಿದ್ದೆ. ಉಪ್ಪು ಕಡಿಮೆ. ಎರಡು ತಾಸಿಗೊಮ್ಮೆ ಮಗ್ಗುಲು. ಅದರ ಕೆಳಗೆ, ನನ್ನದೇ ಅಕ್ಷರದಲ್ಲಿ, ‘ಹದಿನೈದು ದಿನ ಗದ್ದಲ ಬ್ಯಾಡ.’

ಹದಿನಾಲ್ಕು ತಿಂಗಳು ಆಗಿತ್ತು.

ಮುಂದಿನ ಪುಟಗಳನ್ನೂ ನೋಡಿದೆ. ಅವರು ಮಂಚದ ಹಲಗೆಗೆ ಹೊಡೆದದ್ದನ್ನು ನಾನು ಗುರುತು ಹಾಕುತ್ತಿದ್ದೆ. ಫೆಬ್ರುವರಿಯ ಹತ್ತು ದಿನದಲ್ಲಿ ಇಪ್ಪತ್ತೆರಡು ಸಲ. ಮಾರ್ಚಿನಲ್ಲಿ ಒಂಬತ್ತು. ಏಪ್ರಿಲಿನಲ್ಲಿ ಎರಡು. ಆಮೇಲೆ ಒಂದೂ ಇಲ್ಲ. ಒಂದು ವರ್ಷ ಆ ಮನುಷ್ಯ ಯಾವ ಸದ್ದಿಗೂ ಬೇಸರ ತೋರಿಸಿರಲಿಲ್ಲ. ಆದರೆ ನಾವು ಸದ್ದನ್ನೇ ಮಾಡಿರಲಿಲ್ಲವಲ್ಲ. ಪ್ರತಿ ತಿಂಗಳೂ ಗಂಡ ಮಾವನವರ ರಿಪೋರ್ಟು ತೆಗೆದುಕೊಂಡು ಡಾಕ್ಟರರ ಬಳಿ ಹೋಗಿ ಬರುತ್ತಿದ್ದರು. ಇನ್ನು ಮಾತಾಡಬಹುದೇ ಎಂದು ಅವರು ಕೇಳಲಿಲ್ಲ. ಕೇಳಿ ಎಂದು ನಾನೂ ಹೇಳಲಿಲ್ಲ.

ಆ ರವಿವಾರ ಮೆಟ್ಟಿಲ ಮೇಲೆ ಗಂಡನಿಗೆ ಆ ಪುಟ ತೋರಿಸಿದೆ.

“ಹೌದು, ಡಾಕ್ಟರ್ ಹದಿನೈದು ದಿವಸಾನ ಅಂದಿದ್ರು,” ಎಂದರು.

“ಮತ್ತ ಯಾಕ ಹೇಳಲಿಲ್ಲರೀ?”

“ನೀನ ಬರದಿ, ನೀನ ಓದಿಲ್ಲ. ಈಗ ನನ್ನ ಕೇಳತಿ?”

ಮಗಳು ನಮ್ಮಿಬ್ಬರ ನಡುವೆ ಕೂತು ಒಮ್ಮೆ ಅವರ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಿದ್ದಳು.

ನಾನು ಮಾತಾಡತೊಡಗಿದೆ. ಮೊದಲು ಅಡಿಗೆಮನೆಯಲ್ಲಿ. ನನ್ನ ದನಿ ನನಗೇ ಬೇರೆಯವರದು ಅನ್ನಿಸುತ್ತಿತ್ತು. ಎರಡು ವಾಕ್ಯ ಆಡಿದ ಮೇಲೆ ಮುಂದೇನು ಹೇಳುವುದು ಎಂದು ತಿಳಿಯುತ್ತಿರಲಿಲ್ಲ. ‘ಬ್ಯಾಳಿ ತೊಳಿಯಾಕತ್ತೇನಿ. ಒಂದ ನೀರು. ಎರಡ ನೀರು. ನೋಡು, ಈಗ ನೀರು ತಿಳಿ ಆತು.’ ಹತ್ತು ಎಣಿಸಿ ಕಾಯುತ್ತಿದ್ದೆ. ಹತ್ತು ಎಣಿಸುವುದು ಎಷ್ಟು ದೀರ್ಘ ಎಂದು ಆಗಲೇ ಗೊತ್ತಾದದ್ದು. ಅವಳು ಮೊದಲ ದಿನಗಳಲ್ಲಿ ಬಾಗಿಲ ಕಡೆ ನೋಡುತ್ತಿದ್ದಳು, ಯಾರಾದರೂ ಬಂದು ನನ್ನನ್ನು ಬೈಯುತ್ತಾರೇನೋ ಎಂಬಂತೆ. ಪಡಸಾಲೆ ದಾಟುವಾಗ ನಾನು ಮಾತು ಮುಂದುವರಿಸಿದರೆ ಎತ್ತಿಕೊಂಡ ತೋಳಿನಿಂದಲೇ ಬಾಗಿ ನನ್ನ ಬಾಯಿಗೆ ತನ್ನ ಅಂಗೈ ಒತ್ತುತ್ತಿದ್ದಳು. ಸಿಟ್ಟಿನಿಂದಲ್ಲ. ಹೆದರಿಕೆಯಿಂದ.

ಹಾಗಾಗಿ ಸಂಜೆ ಮಾಳಿಗೆಯ ಮೇಲೆ ಒಯ್ಯತೊಡಗಿದೆ. ನಾಲ್ಕರಿಂದ ಐದೂವರೆ. ಒಣಗಿದ ಬಟ್ಟೆ ತೆಗೆಯುತ್ತ, ಇದು ಅಪ್ಪನ ಅಂಗಿ, ಇದು ಅಜ್ಜನ ಧೋತರ, ಎಷ್ಟು ಉದ್ದ ನೋಡು, ನೀ ಒಂದು ತುದಿ ಹಿಡಿ. ಕೆಳಗಿನಿಂದ ಆಪಾ “ಏ ಚಿಮಣೀ!” ಎಂದು ಕೂಗುತ್ತಿದ್ದರು. ಮೇ 3ರಂದು ಅವಳು ಕಟ್ಟೆಯ ಸಂದಿಯಿಂದ ಕೆಳಗೆ ನೋಡಿ “ಆಪಾ” ಎಂದಳು. ಪಿಸುದನಿಯಲ್ಲ. ಗಂಟಲಿನಿಂದ ಬಂದ ದನಿ. ಮೇ ತಿಂಗಳ ಕೊನೆಗೆ ಹನ್ನೆರಡು ಶಬ್ದ, ಜೂನ್ ಕೊನೆಗೆ ಹತ್ತೊಂಬತ್ತು, ಜುಲೈ ಕೊನೆಗೆ ಮೂವತ್ತನಾಲ್ಕು. ಎಲ್ಲವೂ ಮಾಳಿಗೆಯವು. ಮೆಟ್ಟಿಲು ಇಳಿದು ಪಡಸಾಲೆಗೆ ಕಾಲಿಟ್ಟರೆ ಬಾಯಿ ಮುಚ್ಚುತ್ತಿತ್ತು. ಎರಡು ಶಬ್ದಗಳನ್ನು ಕೂಡಿಸಿ ಆಡಿದ್ದು ಎಲ್ಲೂ ಇಲ್ಲ. ಮೂರು ವರ್ಷ ತುಂಬುವುದರೊಳಗೆ ಅದು ಬಂದರೆ ಚಲೋ ಎಂದು ಮೇಡಂ ಹೇಳಿದ್ದರು. ನಾನು ಆ ಒಂದನ್ನೇ ಕಾಯುತ್ತಿದ್ದೆ.

ಪಡಸಾಲೆಯಲ್ಲೂ ಮಾತಾಡದೆ ಇದು ಬಗೆಹರಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಜುಲೈ 14ರಂದು ಮಾವನವರ ಮುಖ ಒರೆಸುವಾಗ ಧೈರ್ಯ ಮಾಡಿದೆ. ಮಗಳು ಮಂಚದ ಕಾಲು ಹಿಡಿದು ನಿಂತಿದ್ದಳು.

“ನೋಡವಾ, ಅಜ್ಜನ ಮಾರಿ ಒರಸಾಕತ್ತೇನಿ. ಬಿಸಿ ನೀರು. ಮೊದಲ ಹಣಿ. ಆಮ್ಯಾಲ ಗಲ್ಲಾ.”

ಮಾವನವರು ಮುಖ ನನ್ನ ಕಡೆ ತಿರುಗಿಸಿದರು. ಎಡಗೈ ಹಾಸಿಗೆಯ ಮೇಲೇ ಇತ್ತು, ಅಲುಗಲಿಲ್ಲ. ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. ನನ್ನ ದನಿ ಹೇಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ ಎಂದು ಆಗ ಹೊಳೆಯಿತು. ನಾನು ಇನ್ನೊಂದು ಮಾತು ಆಡುವಷ್ಟರಲ್ಲಿ ಅತ್ತೆ ಬಂದು ಟವೆಲ್ ಕಸಿದುಕೊಂಡರು. ಕಣ್ಣಿನಿಂದಲೇ ಅಡಿಗೆಮನೆ ತೋರಿಸಿದರು.

ಅಲ್ಲಿ ನಾನು ಸನ್ನೆ ಮಾಡಲಿಲ್ಲ. “ಅತ್ತೀ, ಡಾಕ್ಟರ್ ಹದಿನೈದು ದಿವಸ ಅಷ್ಟ ಅಂದಿದ್ರಂತ್ರಿ.”

“ಗೊತ್ತೈತಿ.”

“ಗೊತ್ತಿತ್ರ್ಯಾ?”

“ನನ್ನ ಮುಂದ ನಿಂತ ಹೇಳಿದ್ರವಾ ಡಾಕ್ಟರು. ನಾ ಏನ ಕಿವುಡಿ ಏನ?” ಅತ್ತೆ ಟವೆಲ್ ಹಿಂಡಿದರು. “ಮೂವತ್ತಾರು ವರ್ಷ ಈ ಮನ್ಯಾಗ ಒಬ್ಬರದ ದನಿ ಕೇಳೇನಿ. ಉಪ್ಪು ಹೆಚ್ಚಾತಂದ್ರ ಒದರೂದು, ಕಡಿಮಿ ಆತಂದ್ರ ಒದರೂದು. ನಿದ್ದಿಗಣ್ಣಾಗೂ ಲಿಲಾವು. ಈಗಷ್ಟ ನನ್ನ ಕಿವಿಗೆ ಆರಾಮ ಆಗೇತಿ. ಅದನ್ನೂ ಕಸಗೋತಿ ಏನ?”

“ಕೂಸು ಮೂಕಿ ಆದ್ರ?”

“ಬಿಡ ತಂಗಿ. ನಾ ಮಾತು ಬಂದು ಏನ ಗಳಿಸೇನಿ?”

ಅವರು ಸಿಟ್ಟಿನಿಂದ ಹೇಳಲಿಲ್ಲ. ಇಷ್ಟು ಉದ್ದ ಮಾತನ್ನು ಅವರ ಬಾಯಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅಂದು ರಾತ್ರಿ ಪಟ್ಟಿಯಲ್ಲಿ ‘ಪಡಸಾಲೆ: ನಾಲ್ಕು ವಾಕ್ಯ’ ಎಂದು ಬರೆದೆ. ಮುಂದಿನ ದಿನಗಳಲ್ಲಿ ಅಷ್ಟೂ ಇಲ್ಲ. ನಾನು ಮತ್ತೆ ಮಾಳಿಗೆಗೇ ಹೋಗುತ್ತಿದ್ದೆ. ಅತ್ತೆಯ ಜೊತೆ ಜಗಳ ನನಗೆ ಬೇಕಿರಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಆಗಸ್ಟ್ 11ರ ಬೆಳಿಗ್ಗೆ ಆರೂವರೆಗೆ ಗುಳಿಗೆ ಕೊಡಲು ಹೋದಾಗ ಮಾವನವರು ಹೋಗಿದ್ದರು.

ಎಂಟರ ಹೊತ್ತಿಗೆ ಮನೆ ತುಂಬಿತು. ಅಮರಗೋಳದಿಂದ ಹಮಾಲರು, ಅಂಗಡಿಯವರು ಬಂದರು. ಮಗಳನ್ನು ಆಪಾ ಕೆಳಗೆ ಒಯ್ದಿದ್ದರು. ನಮ್ಮಲ್ಲಿ ತೀರಿದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಪದ್ಮಾಸನ ಹಾಕಿ ಕೂಡಿಸುತ್ತಾರೆ. ಹದಿನೆಂಟು ತಿಂಗಳು ಮಲಗಿದ್ದ ಮಾವನವರನ್ನು ಜಳಕ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೊಸ ಧೋತರ ಉಡಿಸಿ, ಕೊರಳಿಗೆ ಹೂವಿನ ಮಾಲೆ ಹಾಕಿ ಪಡಸಾಲೆಯ ನಡುವೆ ಕೂಡಿಸಿದರು. ಮಂಚವನ್ನು ಮಾಳಿಗೆಗೆ ಒಯ್ದರು. ಹೆಂಗಸರು ಸುತ್ತ ಕೂತು ಹಾಡಿ ಹಾಡಿ ಅಳತೊಡಗಿದರು. ಆ ಪಡಸಾಲೆಯಲ್ಲಿ ಅಷ್ಟು ದನಿ ಒಮ್ಮೆಲೇ ಕೇಳಿ ನಾನು ರೂಢಿಯಂತೆ ಮಂಚವಿದ್ದ ಕಡೆ ನೋಡಿದೆ.

ಹನ್ನೊಂದಕ್ಕೆ ಆಪಾ ಬಾಗಿಲಲ್ಲಿ ಕಾಣಿಸಿದರು. ಮಗಳು ಹಸಿದಿದ್ದಳು, ಅವ್ವ ಬೇಕೆಂದು ಹಟ ಮಾಡಿದ್ದಳು. ಅವಳು ಆಪಾನ ಕೈಯಿಂದ ಇಳಿದು, ಕೂತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. ಅಜ್ಜನನ್ನು ನೋಡಿದಳು. ಅವಳಿಗೆ ನೆನಪಿರುವಷ್ಟು ದಿನದಲ್ಲಿ ಅವಳು ಅಜ್ಜ ಕೂತದ್ದನ್ನು ಕಂಡಿರಲಿಲ್ಲ. ಅವಳ ಮುಖ ಅರಳಿತು. ಬೆರಳು ತೋರಿಸಿ, ಮಾಳಿಗೆಯ ಮೇಲಿನ ಆ ಗಂಟಲಿನ ದನಿಯಲ್ಲಿ, ಎಲ್ಲರ ಅಳುವಿನ ಮೇಲೆ ಕೂಗಿದಳು.

“ಅಜ್ಜ ಕುಂತ! ಅವ್ವಾ, ಅಜ್ಜ ಕುಂತ!”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಂಡನ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಯಾರರ ಆ ಕೂಸಿನ್ನ ಸುಮ್ನ ಮಾಡ್ರೆ,” ಎಂದರು.

ನಾನು ಅವಳನ್ನು ಸುಮ್ಮನಾಗಿಸಿದೆ. ಬಲಗೈಯಿಂದ ಅವಳ ಬಾಯಿ ಮುಚ್ಚಿ, ಎಡಗೈಯಿಂದ ತಲೆ ಹಿಡಿದು ಎದೆಗೆ ಒತ್ತಿಕೊಂಡೆ. ‘ಶ್’ ಅಂದೆ. ಎಷ್ಟು ಹೊತ್ತು ಹಿಡಿದಿದ್ದೆ ಎಂಬುದು ನನ್ನ ಪಟ್ಟಿಯಲ್ಲಿಲ್ಲ. ಅವಳ ಉಸಿರು ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು. ಅವಳು ಮೂರನೆಯ ಸಲ ಅದನ್ನೇ ಹೇಳಲು ತುಟಿ ಅಲುಗಿಸಿದ್ದೂ ಅಂಗೈಗೆ ತಿಳಿಯಿತು. ಆಮೇಲೆ ತುಟಿ ನಿಂತಿತು. ಎದುರಿಗೆ ಅತ್ತೆ ಅಳುತ್ತಿದ್ದರು. ಅವರು ಜೋರಾಗಿ, ಬಾಯಿ ತೆರೆದು ಅಳುತ್ತಿದ್ದರು.

ಆ ದಿನದ ಪುಟದಲ್ಲಿ ಬಹಳ ದಿನ ಏನೂ ಬರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಬರೆದೆ: ‘ಎರಡು ಶಬ್ದ ಕೂಡಿಸಿದಳು. ಎರಡು ಸಲ.’ ಕೆಳಗೆ ನಾನು ಮಾಡಿದ್ದನ್ನೂ ಬರೆದೆ.

ಹನ್ನೊಂದು ದಿನ ಅವಳು ಏನೂ ಮಾತಾಡಲಿಲ್ಲ, ಮಾಳಿಗೆಯ ಮೇಲೂ. ಅಲ್ಲಿ ಈಗ ಮಂಚವಿದೆ. ಹನ್ನೆರಡನೆಯ ದಿನ ‘ಹಾ’ ಎಂದಳು, ಪಿಸುದನಿಯಲ್ಲಿ. ಅಕ್ಟೋಬರ್ ಕೊನೆಗೆ ಎಣಿಸಿದಾಗ ಇಪ್ಪತ್ತೆರಡು ಶಬ್ದಗಳಿದ್ದವು. ಜುಲೈಗಿಂತ ಹನ್ನೆರಡು ಕಡಿಮೆ. ಕೂಡಿಸಿದ್ದು ಒಂದೂ ಇಲ್ಲ. ಜನವರಿಗೆ ಮೂರು ವರ್ಷ ತುಂಬುತ್ತದೆ. ದೇಶಪಾಂಡೆ ನಗರದ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಮಾತಾಡೂದು ಬಿಡಬ್ಯಾಡ್ರಿ,” ಎಂದರು. “ವಾರಕ್ಕೆರಡ ಸಲ ಕರಕೊಂಡ ಬರ್ರಿ.”

ಈಗ ಮನೆಯಲ್ಲಿ ಯಾರಿಗೂ ಗದ್ದಲದ ಅಡ್ಡಿಯಿಲ್ಲ. ಅತ್ತೆ ಪಡಸಾಲೆಯಲ್ಲಿ ಟಿವಿ ಹಚ್ಚಿಕೊಂಡು ಕೂರುತ್ತಾರೆ. ಒಮ್ಮೊಮ್ಮೆ ಅಲ್ಲಿಂದಲೇ, “ಮಾತಾಡಸಽ ಅಕಿನ್ನ, ಈಗ ಯಾರ ಅದಾರ ಇಲ್ಲೆ?” ಎನ್ನುತ್ತಾರೆ. ನಾನು ಮಾತಾಡುತ್ತೇನೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವಳನ್ನು ಎದುರಿಗೆ ಕೂಡಿಸಿಕೊಂಡು ಹಿಟ್ಟು, ನೀರು, ಹಂಚು, ಹೊಗೆ ಎಲ್ಲವನ್ನೂ ಹೇಳುತ್ತೇನೆ, ಹೇಳಿ ಹತ್ತು ಎಣಿಸುತ್ತೇನೆ. ಅವಳಿಗೆ ಏನೋ ಹೇಳಬೇಕೆನಿಸುತ್ತದೆ, ಅದು ಮುಖದಲ್ಲಿ ಕಾಣುತ್ತದೆ. ಆದರೆ ಬಾಯಿ ತೆರೆಯುವ ಮೊದಲು ಅವಳು ನನ್ನ ಬಲಗೈ ಎಲ್ಲಿದೆ ಎಂದು ನೋಡುತ್ತಾಳೆ. ಅದಕ್ಕೇ ನಾನು ಅವಳ ಜೊತೆ ಮಾತಾಡುವಾಗ ಎರಡೂ ಕೈಗಳನ್ನು ಹಿಟ್ಟಿನಲ್ಲೇ ಇಟ್ಟುಕೊಂಡಿರುತ್ತೇನೆ.